ಆಕಾಶದ ಅಂತರ, ಊರಿನ ಅಂತರ



ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು: "ಸರ್, ಹುಬ್ಬಳ್ಳಿಗೆ ವಿಮಾನವಿದೆಯಲ್ಲ, ಒಂದು ತಾಸಿನ ದಾರಿ. ಕುಪ್ಪೇಲೂರಿಗೆ ಬರುವುದು ಈಗ ಸುಲಭವಲ್ಲವೇ?" ಉತ್ತರವನ್ನು ಲೆಕ್ಕದಿಂದಲೇ ಆರಂಭಿಸುತ್ತೇನೆ, ಹಳೆಯ ಅಭ್ಯಾಸ, ಸಹಿಸಿಕೊಳ್ಳಿ.

ಹುಬ್ಬಳ್ಳಿಯ ವಿಮಾನ ನಿಲ್ದಾಣವಿರುವುದು 15.36 ಡಿಗ್ರಿ ಉತ್ತರ ಅಕ್ಷಾಂಶ, 75.08 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದೇವನಹಳ್ಳಿಯ ಬಳಿ 2008ರಲ್ಲಿ ಆರಂಭವಾದ ಬೆಂಗಳೂರಿನ ನಿಲ್ದಾಣ 13.20 ಮತ್ತು 77.71ರಲ್ಲಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಉತ್ತರ-ದಕ್ಷಿಣ ಅಂತರ 240 ಕಿ.ಮೀ. ರೇಖಾಂಶಗಳು ಧ್ರುವದ ಕಡೆಗೆ ಸಾಗಿದಂತೆ ಪರಸ್ಪರ ಹತ್ತಿರವಾಗುವುದರಿಂದ, ನಮ್ಮ ಭಾಗದಲ್ಲಿ ಅವುಗಳ ಒಂದು ಡಿಗ್ರಿ ಅಂತರ ಸುಮಾರು 108 ಕಿ.ಮೀ.; ಪೂರ್ವ-ಪಶ್ಚಿಮವಾಗಿ 284 ಆಯಿತು. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 370 ಕಿ.ಮೀ. "ಪೈಥಾಗೊರಸನ ಪ್ರಮೇಯ ಜೀವನದಲ್ಲಿ ಎಲ್ಲಿ ಬರುತ್ತದೆ ಸರ್?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರು ಇದನ್ನು ಓದುತ್ತಿರಬಹುದು.

ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ಅರ್ಧ ತಾಸಿನ ದಾರಿಯೂ ಅಲ್ಲ. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗವಿರುವುದಿಲ್ಲ. ನೆಲದ ಮೇಲೆ ತೆವಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಟಿಕೇಟಿನಲ್ಲಿ ಒಂದು ತಾಸು, ಇಲ್ಲವೇ ತುಸು ಹೆಚ್ಚು.

ಇನ್ನು ನಮ್ಮ ಊರಿನ ಮಾತು. ರಾಣೇಬೆನ್ನೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 300 ಕಿ.ಮೀ.; ಹುಬ್ಬಳ್ಳಿಯಾದರೋ ನೂರಕ್ಕೂ ಹೆಚ್ಚು ಕಿ.ಮೀ. ಉತ್ತರಕ್ಕಿದೆ. ಬೆಂಗಳೂರಿನಿಂದ ಹೊರಟ ವಿಮಾನ ನಮ್ಮ ಸೀಮೆಯನ್ನು ಮೀರಿ ಮುಂದೆ ಹೋಗಿ ಇಳಿಸುತ್ತದೆ. ಅಲ್ಲಿಂದ ಹಾವೇರಿಯ ಮೇಲೆ ಹಿಂದಕ್ಕೆ ಬರಬೇಕು.

2023ರಲ್ಲಿ ಒಂದು ರಾತ್ರಿ ಊರಿನಲ್ಲಿ ನನ್ನ ಅಕ್ಕನಿಗೆ ಲಕ್ವಾ ಹೊಡೆಯಿತು. ಎರಡು ಗಂಟೆಗೆ ಬೆಂಗಳೂರಿನಲ್ಲಿದ್ದ ಅವಳ ಇಬ್ಬರು ಮಕ್ಕಳಿಗೂ ಫೋನು ಮಾಡಿದೆ. ಕಿರಿಯವನು ಕೈಗೆ ಸಿಕ್ಕ ಅಂಗಿ ತೊಟ್ಟು ಕಾರು ಹತ್ತಿದ. ಹಿರಿಯವನು ಬೇಗ ತಲುಪಬೇಕೆಂದೇ ದುಬಾರಿ ದರ ಕೊಟ್ಟು ಬೆಳಗಿನ ವಿಮಾನಕ್ಕೆ ಟಿಕೇಟು ಮಾಡಿಸಿದ. ಜಯನಗರದಿಂದ ದೇವನಹಳ್ಳಿ, ಅಲ್ಲಿ ತಪಾಸಣೆಯ ಸಾಲು, ಹಾರಾಟ, ಹುಬ್ಬಳ್ಳಿಯಲ್ಲಿ ಟ್ಯಾಕ್ಸಿ. ಕಿರಿಯವನು ಎಂಟೂವರೆಗೆ ಬಂದಾಗ ಅಕ್ಕ ಗುರುತು ಹಿಡಿದಳು, ತೊದಲುತ್ತ "ಉಂಡ್ಯಾ?" ಎಂದಳು. ಹಿರಿಯವನು ಬರುವ ಹೊತ್ತಿಗೆ ಹನ್ನೊಂದಾಗಿತ್ತು, ಪ್ರಜ್ಞೆ ತಪ್ಪಿತ್ತು. ಸಂಜೆ ತೀರಿಕೊಂಡಳು. "ಮಾಮಾ, ವಿಮಾನದಾಗ ಬಂದ್ರೂ ನಾನ ತಡಾ ಆದ್ನಲ್ಲ" ಎಂದು ಅವನು ಇಂದಿಗೂ ಅನ್ನುತ್ತಾನೆ. ನನ್ನ ಬಳಿ ಉತ್ತರವಿಲ್ಲ.

ಆದುದರಿಂದ ಮಕ್ಕಳೇ, ಬೆಂಗಳೂರಿನಲ್ಲಿರುವವರು ಇಂಥ ಕರೆ ಬಂದಾಗ ಟಿಕೇಟು ಹುಡುಕುತ್ತ ಕೂಡಬೇಡಿ. ಹೆದ್ದಾರಿ ಹಿಡಿಯಿರಿ, ಆದರೆ ನಿದ್ದೆಗಣ್ಣಿನಲ್ಲಿ ನೀವೇ ಓಡಿಸಬೇಡಿ, ಚಾಲಕನಿರಲಿ. ಮುಂಬಯಿಯಲ್ಲಿರುವವರ ಲೆಕ್ಕ ಬೇರೆ. ಅವರಿಗೆ ಹುಬ್ಬಳ್ಳಿಯ ವಿಮಾನವೇ ಸರಿ. ಅಲ್ಲಿನ ನಿಲ್ದಾಣ 19.09 ಉತ್ತರ, 72.87 ಪೂರ್ವ. ಅಂತರವನ್ನು ನೀವೇ ತೆಗೆಯಿರಿ. ಅಲ್ಲಿ ರೇಖಾಂಶದ ಡಿಗ್ರಿಗೆ 106 ಹಿಡಿದರೆ ಸಾಕು.