ಬೀಜದ ಗಾಡಿಯವರು

ನಾವು ಮೆಟ್ರಿಕ್‌ವರೆಗೆ ಓದಿದವರು. ಜತ್ತ ಸೀಮೆಯಲ್ಲಿ ಬೀಜ, ಕಾಳುಗಳ ಅಂಗಡಿ ಇಟ್ಟು ನಲವತ್ತು ವರ್ಷಗಳಾದವು. ಅಮೆರಿಕೆಯಲ್ಲಿರುವ ಮಗ ಊರಿಗೆ ಬಂದಾಗ ಅಲ್ಲಿಯ ಶೇಕರ್ ಪಂಥದವರ ಪುಸ್ತಕವೊಂದನ್ನು ತಂದಿದ್ದ. ಅವರೂ ಬೀಜದ ವ್ಯಾಪಾರಿಗಳೆಂದು ಕೇಳಿ, ಅವನಿಂದಲೇ ಓದಿಸಿ ಅರ್ಥ ಮಾಡಿಕೊಂಡೆವು.

1774ರಲ್ಲಿ ಆ್ಯನ್ ಲೀ ಎಂಬ ತಾಯಿ ಎಂಟು ಜನ ಅನುಯಾಯಿಗಳೊಡನೆ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದರು. ಬ್ರಹ್ಮಚರ್ಯ, ಎಲ್ಲರಿಗೂ ಸೇರಿದ ಆಸ್ತಿ, ಮಾಡಿದ ತಪ್ಪನ್ನು ಹಿರಿಯರ ಮುಂದೆ ಹೇಳಿಕೊಳ್ಳುವುದು, ಇವು ಅವರ ನಿಯಮಗಳು. ನ್ಯೂ ಲೆಬನಾನ್ ಅವರ ಮುಖ್ಯ ಕೇಂದ್ರವಾಯಿತು. 1805ರ ಜನವರಿ 1ರಂದು ಅಲ್ಲಿಂದ ಮೂವರು ಸಹೋದರರು, ಸಾಮಾನಿಗೊಂದು ಕುದುರೆ ಹಿಡಿದು, ಚಳಿಯಲ್ಲಿ ಕಾಲ್ನಡಿಗೆಯಿಂದ ಪಶ್ಚಿಮಕ್ಕೆ ಹೊರಟರು. ಸಾವಿರ ಮೈಲಿಗೂ ಹೆಚ್ಚು ನಡೆದು ಮಾರ್ಚ್ ತಿಂಗಳಲ್ಲಿ ಓಹಿಯೋ ಮುಟ್ಟಿದರು. ಮುಂದೆ ಅಲ್ಲಿಯೂ ಕೆಂಟಕಿಯಲ್ಲಿಯೂ ಅವರ ಊರುಗಳು ಎದ್ದವು.

1834ರಲ್ಲಿ ರೂಫಸ್ ಬಿಷಪ್ ಮತ್ತು ಐಸಾಕ್ ಯಂಗ್ಸ್ ಎಂಬವರು ಆ ಊರುಗಳನ್ನು ನೋಡಿಬಂದು ದಿನಚರಿ ಬರೆದಿಟ್ಟರು. ಅಷ್ಟರಲ್ಲಿ ಕಾಲುವೆಯ ದೋಣಿ, ಹಬೆಯ ಹಡಗು ಬಂದಿದ್ದವು. ನ್ಯೂ ಲೆಬನಾನಿನಿಂದ ಹ್ಯಾನ್ಕಾಕ್ ಎಂಬ ಊರು ಕೆಲವೇ ಮೈಲಿ. ಆದರೆ ನಡುವೆ ರಾಜ್ಯದ ಗಡಿ! ಗಡಿ ಇದ್ದರೂ ಕುಟುಂಬ ಒಂದೇ. ಇದು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಅವರ ಬೀಜದ ಗಾಡಿಗಳು ಊರೂರು ತಿರುಗುತ್ತಿದ್ದವು. ಬೀಜವನ್ನು ಸಣ್ಣ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು ಅಂಗಡಿಕಾರರಲ್ಲಿ ಬಿಡುವರು. ಹಂಗಾಮು ಮುಗಿದ ಮೇಲೆ ಬಂದು ಲೆಕ್ಕ ಮಾಡಿ, ಕಮಿಷನ್ ಕೊಟ್ಟು, ಉಳಿದದ್ದನ್ನು ಒಯ್ಯುವರು. 1819ರಲ್ಲಿ ಕೆಲವು ಊರುಗಳವರು ಕೂಡಿ ಕರಾರು ಮಾಡಿಕೊಂಡರು: ತಾವು ಬೆಳೆದ ಬೀಜದಲ್ಲಿ ಹೊರಗಿನಿಂದ ಕೊಂಡ ಬೀಜ ಬೆರೆಸಿ ಮಾರಬಾರದು. ಕರಬೂಜದ ಬೀಜಕ್ಕೆ ಮಾತ್ರ ವಿನಾಯಿತಿ.

ಇಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸೆಂದು ಮಗನಿಗೆ ಹೇಳಿದೆವು.

ಅಂಗಡಿಯ ಮೊದಲ ವರ್ಷಗಳಲ್ಲಿ ನಾವು ಒಮ್ಮೆ ಹಳೆಯ ಸಜ್ಜೆ ಬೀಜವನ್ನು ಹೊಸದರಲ್ಲಿ ಬೆರೆಸಿ ಮಾರಿದ್ದೆವು. ಒಬ್ಬ ರೈತರು ಬಂದು, "ಸಾವಕಾರ್ರ, ಬೀಜಾ ನಾಟಲಿಲ್ರಿ" ಅಂದರು. "ಮಳಿ ಕಡಿಮಿ ಆತಲ್ಲಪಾ" ಎಂದು ಹೇಳಿ ಕಳಿಸಿದೆವು. ಅವರು ವಾದ ಮಾಡಲಿಲ್ಲ. ಈಗ ಅವರಿಲ್ಲ. ಅವರ ಮಗ ನಮ್ಮಲ್ಲಿಯೇ ಬೀಜ ಒಯ್ಯುತ್ತಾರೆ.

ಶೇಕರರಲ್ಲಿ ಇನ್ನೊಂದು ನಿಯಮವಿತ್ತು. ಪ್ರಯಾಣದಿಂದ ಮರಳಿದವರು ಹೊರಗೆ ನಡೆದದ್ದನ್ನೆಲ್ಲ ಹಿರಿಯರಿಗೆ ತಿಳಿಸಬೇಕು. ನಮಗೆ ಹಿರಿಯರು ಯಾರೂ ಉಳಿದಿಲ್ಲ. ಈ ಸಲ ಮೃಗಶಿರಾ ಮಳೆಯ ಹೊತ್ತಿಗೆ ಆ ಮಗ ಬಂದಾಗ ಅವರಿಗೇ ಹೇಳಿಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಗ ಗೊತ್ತಿತ್ತರಿ" ಅಂದರು.

ಒಂದು ಕಾಲಕ್ಕೆ ಸಾವಿರಾರು ಜನರಿದ್ದ ಆ ಪಂಥದಲ್ಲಿ ಇಂದು ಮೇನ್ ರಾಜ್ಯದ ಒಂದು ಊರಿನಲ್ಲಿ ಬೆರಳೆಣಿಕೆಯ ಜನರಷ್ಟೇ ಉಳಿದಿದ್ದಾರೆ. ಆದರೂ ಅವರ ಬೀಜದ ಮಾತು ಇನ್ನೂ ಉಳಿದಿದೆ. ಗಲ್ಲೆಯ ಮೇಲೆ ಕೂಡುವ ನಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಿರಿ.