ರದ್ದಿ ಅಂಗಡಿಯಿಂದ ಹಾರಿದ ವಿಮಾನ

ಹಳೆಯ ಕಾಗದ ಕೊಳ್ಳುವವರ ಲೆಕ್ಕದಲ್ಲೊಂದು ವಿಚಿತ್ರವಿದೆ. ದಿನಪತ್ರಿಕೆಗೆ ಕಿಲೋಗೆ ಒಂದು ದರ. ಹೊಳಪು ಕಾಗದದ ಇಂಗ್ಲಿಷ್ ಮ್ಯಾಗಜಿನ್‌ಗೆ ಅದಕ್ಕಿಂತ ಕಡಿಮೆ. ಹೊಳಪಿನ ಹಾಳೆಯಲ್ಲಿ ಪೊಟ್ಟಣ ಕಟ್ಟಿದರೆ ಮಡಿಕೆ ನಿಲ್ಲುವುದಿಲ್ಲ, ಜಾರಿ ಬಿಚ್ಚಿಕೊಳ್ಳುತ್ತದೆ. ಕೊಳ್ಳುವಾಗ ದುಬಾರಿಯಾದದ್ದು ಮಾರುವಾಗ ಅಗ್ಗ. ನಮ್ಮ ಬಾಲ್ಯಕ್ಕೆ ವಿಮಾನಗಳು ಬಂದದ್ದು ಈ ಲೆಕ್ಕದ ಕೃಪೆಯಿಂದ.

ನಾವು ಎಂದರೆ ಬೆಂಗಳೂರಿನ ಶಿವಾಜಿನಗರದ ಒಂದೇ ಗಲ್ಲಿಯ ಮೂವರು ಹುಡುಗರು. 1972-73ರ ಮಾತು. ಗಲ್ಲಿಯ ತಿರುವಿನಲ್ಲಿ ಒಂದು ರದ್ದಿ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. 1940ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾದ ಊರಲ್ಲವೇ ಇದು? ಯಾವ ಯಾವುದೋ ಬಂಗಲೆಗಳಿಂದ, ಊರು ಬಿಟ್ಟು ಹೋದವರ ಮನೆಗಳಿಂದ, ವಿಮಾನದ ಚಿತ್ರಗಳಿದ್ದ ಮ್ಯಾಗಜಿನ್‌ಗಳು ಚಾಚಾರ ತಕ್ಕಡಿಗೆ ಬಂದು ಬೀಳುತ್ತಿದ್ದವು. 'ಏರೋಮಾಡೆಲರ್', 'ಮಾಡೆಲ್ ಏರ್‌ಪ್ಲೇನ್ ನ್ಯೂಸ್', 'ಫ್ಲೈಯಿಂಗ್ ಮಾಡೆಲ್ಸ್'. ಮೊದಲನೆಯದು ಇಂಗ್ಲೆಂಡಿನದು, ಉಳಿದೆರಡು ಅಮೆರಿಕದವು. "ತಗೊಂಡು ಹೋಗ್ರೋ, ಇದ್ರಲ್ಲಿ ಕಡ್ಲೆಕಾಯಿ ಕಟ್ಟೋಕೂ ಆಗಲ್ಲ" ಎಂದು ಚಾಚಾ ಹತ್ತು ಪೈಸೆಗೆ ಒಂದರಂತೆ ಕೊಡುತ್ತಿದ್ದರು. ಒಳಗೆ ಮಸುಕು ಕಾಗದದ ಹಾಳೆಗಳಿದ್ದರೆ ಅವನ್ನು ಮಾತ್ರ ಹರಿದಿಟ್ಟುಕೊಳ್ಳುತ್ತಿದ್ದರು. ಈ ಸಣ್ಣ ಸಂಗತಿ ಮುಂದೆ ನಮಗೆ ದೊಡ್ಡದಾಯಿತು.

ನಮ್ಮ ಕೈಗೆ ಬರುವ ಹೊತ್ತಿಗೆ ಆ ಸಂಚಿಕೆಗಳಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತಿತ್ತು. 'ಬರುವ ಭಾನುವಾರ ಸ್ಪರ್ಧೆ' ಎಂಬ ಪ್ರಕಟಣೆಯನ್ನು ಓದಿ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಗೆದ್ದವನು ಆ ವೇಳೆಗೆ ಮದುವೆಯಾಗಿ ವಿಮಾನವನ್ನೇ ಮರೆತಿರಲೂ ಸಾಕು. ಜಾಹೀರಾತುಗಳಲ್ಲಿ ಬೆಲೆ ಶಿಲ್ಲಿಂಗ್, ಪೆನ್ಸ್‌ಗಳಲ್ಲಿ ಇರುತ್ತಿತ್ತು. ಆ ನಾಣ್ಯಗಳೇ ಇಂಗ್ಲೆಂಡಿನಲ್ಲಿ 1971ರಲ್ಲಿ ಲೆಕ್ಕ ಬದಲಿಸಿಕೊಂಡಿದ್ದವೆಂದು ನಮಗೆ ಗೊತ್ತಿರಲಿಲ್ಲ. ಕೀಲ್ ಕ್ರಾಫ್ಟ್ ಕಿಟ್‌ಗಳ ಚಿತ್ರವನ್ನು ನಾವು ಮಿಠಾಯಿ ಅಂಗಡಿಯ ಗಾಜಿನ ಮುಂದೆ ನಿಂತವರಂತೆ ನೋಡುತ್ತಿದ್ದೆವು.

ಈ ಪತ್ರಿಕೆಗಳ ಜೀವ ಇದ್ದದ್ದು ನಡುಪುಟದಲ್ಲಿ. ಅಲ್ಲಿ ಒಂದು ನಕ್ಷೆ. ರೆಕ್ಕೆಯ ಒಂದೊಂದು ಪಕ್ಕೆಲುಬೂ, ಬಾಲದ ಒಂದೊಂದು ಕಡ್ಡಿಯೂ ಅಳತೆ ಸಮೇತ. ಜೊತೆಗೆ ಅದನ್ನು ಕಟ್ಟಿ ಹಾರಿಸಿದವನೇ ಬರೆದ ಲೇಖನ: ಮೊದಲು ಇದನ್ನು ಕತ್ತರಿಸಿ, ಅಂಟು ಒಣಗುವವರೆಗೆ ಗುಂಡುಸೂಜಿ ತೆಗೆಯಬೇಡಿ, ಕಾಗದದ ಮೇಲೆ ನೀರು ಚಿಮುಕಿಸಿ ಬಿಗಿ ಮಾಡಿ. ಇಂಗ್ಲಿಷ್ ನಮಗೆ ಅಷ್ಟಕ್ಕಷ್ಟೇ. ಆದರೆ ನಕ್ಷೆಗೆ ಭಾಷೆ ಯಾವುದು? ಡಿಕ್ಷನರಿ ಒಬ್ಬನ ಕೈಯಲ್ಲಿ, ಸ್ಕೇಲು ಇನ್ನೊಬ್ಬನ ಕೈಯಲ್ಲಿ ಇಟ್ಟುಕೊಂಡು ಓದುತ್ತಿದ್ದೆವು.

ಎಲ್ಲ ನಕ್ಷೆಗಳೂ ಕೇಳುತ್ತಿದ್ದದ್ದು ಬಾಲ್ಸಾ ಮರ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಬೆಳೆಯುವ, ಬ್ಲೇಡಿನಲ್ಲೇ ಕತ್ತರಿಸಬಹುದಾದಷ್ಟು ಮೆತ್ತಗಿನ, ಹಗುರವಾದ ಮರ. ನಮಗೆಲ್ಲಿಂದ ಬರಬೇಕು? ಮದುವೆಯ ಬಾಸಿಂಗ ಮಾಡುವವರ ಮನೆಯಿಂದ ಬೆಂಡು ತಂದೆವು. ಬೆಂಡು ಬಾಲ್ಸಾಗಿಂತಲೂ ಹಗುರ, ಆದರೆ ಗಟ್ಟಿತನವಿಲ್ಲ. ಅದಕ್ಕೆ ಬಿದಿರಿನ ಸೀಳು ಕೊಟ್ಟೆವು. ಹೊದಿಕೆಗೆ ಗಾಳಿಪಟದ ಕಾಗದ, ಅಂಟಿಗೆ ಮೈದಾ ಗಂಜಿ, ಎಂಜಿನ್ನಿಗೆ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ, ಪಂಖಕ್ಕೆ ಡಬ್ಬದ ತಗಡು. ಪಂಖ ಸಲೀಸಾಗಿ ತಿರುಗಲು ಒಂದು ಮಣಿ ಬೇಕೆಂದು ಬರೆದಿತ್ತು. ಅದು ಒಬ್ಬನ ತಂಗಿಯ ಸರದಿಂದ ಬಂತು. ಆ ಅಪರಾಧಕ್ಕೆ ಮೂವರಿಗೂ ಏಟು ಬಿತ್ತು.

ವಿಮಾನ ಸಿದ್ಧವಾಯಿತು. ಮೈದಾನಕ್ಕೆ ಒಯ್ದು ಬಿಟ್ಟರೆ ಮೂತಿ ಮೇಲೆತ್ತಿ ನಿಂತು, ಹಿಂದಕ್ಕೆ ಜಾರಿ ಬಿತ್ತು. ಮತ್ತೆ ಬಿಟ್ಟೆವು, ಮತ್ತೆ ಬಿತ್ತು. ತೂಕ ಎಲ್ಲಿ ನಿಲ್ಲಬೇಕೆಂಬ ವಿವರ 52ನೇ ಪುಟದಲ್ಲಿದೆ ಎಂದು ಲೇಖನ ಹೇಳುತ್ತಿತ್ತು. 52ನೇ ಪುಟ ಮಸುಕು ಕಾಗದದ್ದು. ಅದು ಅಷ್ಟು ಹೊತ್ತಿಗೆ ಯಾರದೋ ಮನೆಗೆ ಕಡಲೆಕಾಯಿ ಕಟ್ಟಿಕೊಂಡು ಹೋಗಿತ್ತು.

ಮೂರು ವಾರ ಒದ್ದಾಡಿದೆವು. ಮೂತಿಗೆ ಭಾರ ಬೇಕೆಂದು ಹೊಳೆದ ಮೇಲೆ ಐದು ಪೈಸೆಯ ನಾಣ್ಯ ಅಂಟಿಸಿದೆವು. ಅಲ್ಯುಮಿನಿಯಂ ನಾಣ್ಯ, ಭಾರವೇ ಇಲ್ಲ. ಕೊನೆಗೆ ನಾಲ್ಕಾಣೆ ಅಂಟಿಸಿದಾಗ ವಿಮಾನ ಎದ್ದಿತು. ಒಂದು ಸುತ್ತು ಅರ್ಧ ಹೊಡೆದು ಹುಣಿಸೆಮರಕ್ಕೆ ಸಿಕ್ಕಿಕೊಂಡಿತು. ಎಷ್ಟು ಸೆಕೆಂಡೆಂದು ಎಣಿಸುವವರಿರಲಿಲ್ಲ, ಮೂವರೂ ಕೂಗುತ್ತಿದ್ದೆವು. ನಾಲ್ಕಾಣೆಯೂ ಮರದ ಮೇಲೆಯೇ ಉಳಿಯಿತು.

ಇಂಥ ರಬ್ಬರ್ ವಿಮಾನವನ್ನು ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನ ತೋಟವೊಂದರಲ್ಲಿ 11 ಸೆಕೆಂಡು ಹಾರಿಸಿ ತೋರಿಸಿದ್ದನೆಂದು ನಾವು ತಿಳಿದದ್ದು ಎಷ್ಟೋ ಕಾಲದ ಮೇಲೆ. ಅವನ ಮಾದರಿಯ ರಬ್ಬರ್ ಹೆಲಿಕಾಪ್ಟರ್ ಆಟಿಕೆಯನ್ನೇ ರೈಟ್ ಸಹೋದರರ ತಂದೆ 1878ರಲ್ಲಿ ಮಕ್ಕಳಿಗೆ ತಂದುಕೊಟ್ಟದ್ದು. ಆಟಿಕೆ ಎಂದು ನಾವು ತಳ್ಳಿಹಾಕುವ ವಸ್ತು ಎಲ್ಲಿಗೆ ಮುಟ್ಟುತ್ತದೆಂದು ಹೇಳಲಾಗದು. ಮನುಷ್ಯನ ಕಾಲಿನ ಬಲದಿಂದಲೇ ಹಾರುವ 'ಗಾಸಮರ್ ಕಾಂಡೋರ್' ವಿಮಾನಕ್ಕೆ 1977ರಲ್ಲಿ 50,000 ಪೌಂಡುಗಳ ಕ್ರೆಮರ್ ಬಹುಮಾನ ಗೆದ್ದ ಪಾಲ್ ಮೆಕ್‌ಕ್ರೆಡಿ ಹುಡುಗನಾಗಿದ್ದಾಗ ಇದೇ ಮಾದರಿ ವಿಮಾನಗಳ ಹುಚ್ಚಿನವನು. ಹಗುರವಾಗಿ ಕಟ್ಟುವುದನ್ನು ಅವನು ಕಲಿತದ್ದು ಅಲ್ಲಿಯೇ. 2003ರ ಆಗಸ್ಟ್‌ನಲ್ಲಿ ಅಮೆರಿಕದ ಮೇನಾರ್ಡ್ ಹಿಲ್ ಎಂಬ ವೃದ್ಧರು, ಕಣ್ಣು ಬಹುಪಾಲು ಮಂಜಾಗಿದ್ದಾಗ, ಬಾಲ್ಸಾದಲ್ಲಿ ಕಟ್ಟಿದ ಸುಮಾರು 5 ಕಿಲೋ ತೂಕದ ವಿಮಾನವನ್ನು ಕೆನಡಾದ ತುದಿಯಿಂದ ಐರ್ಲೆಂಡಿಗೆ ದಾಟಿಸಿದರು. ಸುಮಾರು 3,000 ಕಿಲೋಮೀಟರು, 39 ಗಂಟೆಗಳಿಗೆ ತುಸು ಕಡಿಮೆ.

ನಾವು ಮೂವರೂ ದೊಡ್ಡವರಾದೆವು. ಕಾಲೇಜಿನ ಎನ್‌ಸಿಸಿ ಏರ್ ವಿಂಗ್‌ನಲ್ಲಿ ನಿಜವಾದ ಬಾಲ್ಸಾ ಮುಟ್ಟಿದೆವು. ತಂತಿ ಹಿಡಿದು ಸುತ್ತ ತಿರುಗಿಸುವ ಡೀಸೆಲ್ ವಿಮಾನ ಹಾರಿಸಿದೆವು. ಸೀಮೆಎಣ್ಣೆ, ಈಥರ್, ಹರಳೆಣ್ಣೆ ಸಮಪಾಲು ಬೆರೆಸಿದ ಅದರ ಇಂಧನದ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಮುಂದೆ ಒಬ್ಬ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆದ. ಇನ್ನೊಬ್ಬ ದಮ್ಮಾಮ್‌ಗೆ ಹೋದ. ಮತ್ತೊಬ್ಬ ಮಾಸ್ತರಿಕೆ ಹಿಡಿದ. ದಮ್ಮಾಮ್‌ನವನು ರಜೆಗೆ ಬರುವಾಗಲೆಲ್ಲ ಆ ತಿಂಗಳಿನದೇ ಮ್ಯಾಗಜಿನ್ ತರುತ್ತಿದ್ದ. ಒಂದು ಪುಟವೂ ಹರಿಯದ, ಹೊಸ ಶಾಯಿಯ ವಾಸನೆಯ ಸಂಚಿಕೆ! ನಾವು ಅದನ್ನು ಮೂರು ಮನೆ ಸುತ್ತಿಸಿ, ಕೊನೆಗೆ ಫಿಟ್ಟರ್ ಗೆಳೆಯನ ಬೀರುವಿನಲ್ಲಿ ಇಡುತ್ತಿದ್ದೆವು.

ಆಮೇಲೆ ಆ ಪತ್ರಿಕೆಗಳೇ ಒಂದೊಂದಾಗಿ ನಿಲ್ಲತೊಡಗಿದವು. 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ, ರೇಡಿಯೋ ವಿಮಾನದವರ ಮನೆಮಾತಾಗಿದ್ದ 'ಆರ್‌ಸಿ ಮಾಡೆಲರ್' 2005ರಲ್ಲಿ ನಿಂತಿತು. 'ಫ್ಲೈಯಿಂಗ್ ಮಾಡೆಲ್ಸ್' ಹೊರತರುತ್ತಿದ್ದ ಕಾರ್ಸ್ಟೆನ್ಸ್ ಸಂಸ್ಥೆ 2014ರಲ್ಲಿ ಬಾಗಿಲು ಹಾಕಿತು. 1935ರ 'ಏರೋಮಾಡೆಲರ್' ಒಮ್ಮೆ ಬೇರೆ ಪತ್ರಿಕೆಯೊಳಗೆ ಸೇರಿಹೋಗಿ, 2013ರಲ್ಲಿ ಮತ್ತೆ ಎದ್ದು ಬರಬೇಕಾಯಿತು.

ಇಂಟರ್‌ನೆಟ್ ಕೊಂದಿತು ಎಂದುಬಿಡುವುದು ಸುಲಭ. ಆದರೆ ಅದಕ್ಕಿಂತ ಮೊದಲೇ ಬೇರು ಸಡಿಲವಾಗಿತ್ತು. ಈ ಪತ್ರಿಕೆಗಳು ಬದುಕಿದ್ದದ್ದು ಕಿಟ್ ಮಾಡುವವರ, ಸಣ್ಣ ಎಂಜಿನ್ ಮಾಡುವವರ, ಊರೂರಿನ ಹಾಬಿ ಅಂಗಡಿಯವರ ಜಾಹೀರಾತಿನಿಂದ. ಬಿಗಿದು ಕೂಡಿಸಿದರೆ ಸಾಕೆನ್ನುವ ಸಿದ್ಧ ವಿಮಾನಗಳು ಚೀನಾದ ಕಾರ್ಖಾನೆಗಳಿಂದ ಬಂದವು. ಫೋಮಿನ ವಿಮಾನ ಬಂತು, ಲಿಥಿಯಂ ಬ್ಯಾಟರಿ ಬಂತು, ಸದ್ದಿಲ್ಲದ ಪುಟ್ಟ ಮೋಟಾರು ಬಂತು. ಕಟ್ಟುವವರು ಕಡಿಮೆಯಾಗಿ ಹಾರಿಸುವವರು ಹೆಚ್ಚಾದರು. ಕಟ್ಟುವುದೇ ಇಲ್ಲವೆಂದ ಮೇಲೆ ನಡುಪುಟದ ನಕ್ಷೆ ಯಾರಿಗೆ ಬೇಕು? ಕಿಟ್ ಅಂಗಡಿ ಮುಚ್ಚಿತು, ಜಾಹೀರಾತು ನಿಂತಿತು, ಪತ್ರಿಕೆ ತೆಳ್ಳಗಾಯಿತು. ಓದುಗರಿಗೂ ವಯಸ್ಸಾಯಿತು. 2020ರ ಸುಮಾರಿಗೆ ಗಾಳಿಯಂತ್ರಗಳ ರೆಕ್ಕೆಗೆಂದು ಬಾಲ್ಸಾದ ಬೇಡಿಕೆ ಏರಿ, ಉಳಿದ ಕೆಲವು ಕಟ್ಟುವವರಿಗೂ ಮರ ತುಟ್ಟಿಯಾಯಿತು.

ಇದರಲ್ಲಿ ಎಲ್ಲವೂ ಕೆಟ್ಟದ್ದೆಂದು ನಾವು ಹೇಳಲಾರೆವು. ಇವತ್ತಿನ ಹುಡುಗನಿಗೆ 52ನೇ ಪುಟ ಹರಿದುಹೋಗುವ ಭಯವಿಲ್ಲ. ಹಳೆಯ ನಕ್ಷೆಗಳನ್ನು ಹವ್ಯಾಸಿಗಳೇ ಕೂತು ಸ್ಕ್ಯಾನ್ ಮಾಡಿ ಪುಕ್ಕಟೆ ಹಂಚುತ್ತಿದ್ದಾರೆ. ವಿಮಾನ ಏಕೆ ಬಿತ್ತೆಂದು ಫೋನು ಎರಡು ನಿಮಿಷದಲ್ಲಿ ತೋರಿಸುತ್ತದೆ. ಡಿಕ್ಷನರಿ ಬೇಕಿಲ್ಲ, ಮೂರು ವಾರ ಬೇಕಿಲ್ಲ. ನಮಗೆ ಅದು ಸಿಕ್ಕಿದ್ದರೆ ಬೇಡವೆನ್ನುತ್ತಿದ್ದೆವೇ?

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಫೋನಿನಲ್ಲಿ ಸಿಗುವುದು ಹೆಚ್ಚಾಗಿ ನಾವು ಹುಡುಕಿದ್ದು. ವಿಮಾನ ಕಟ್ಟಬಹುದೆಂದು ಗೊತ್ತಿಲ್ಲದ ಹುಡುಗ ಅದನ್ನು ಹುಡುಕುವುದಾದರೂ ಹೇಗೆ? ಕಾಗದದ ಪತ್ರಿಕೆ ಮನೆಯಿಂದ ಮನೆಗೆ, ಮನೆಯಿಂದ ಗುಜರಿಗೆ ಅಲೆಯುತ್ತಾ ತನ್ನನ್ನು ಹುಡುಕದವನ ಕೈಗೂ ಸಿಗುತ್ತಿತ್ತು. ಅದನ್ನು ಹೊರತಂದ ಸಂಪಾದಕನ ಲೆಕ್ಕದಲ್ಲಿ ಶಿವಾಜಿನಗರದ ನಾವು ಓದುಗರೇ ಅಲ್ಲ. ಚಂದಾ ಕಟ್ಟಿಲ್ಲ, ಪತ್ರ ಬರೆದಿಲ್ಲ. ಆದರೂ ನಮ್ಮಲ್ಲೊಬ್ಬನಿಗೆ ಅದು ಜೀವನವಿಡೀ ಅನ್ನವಾಯಿತು.

ಆ ಫಿಟ್ಟರ್ ಗೆಳೆಯ ಎರಡು ವರ್ಷದ ಹಿಂದೆ ತೀರಿಕೊಂಡ. ಈಗ ನಾವು ಎಂದರೆ ಇಬ್ಬರೇ. ಕಳೆದ ಬೇಸಿಗೆಯಲ್ಲಿ ಅವನ ಮಗಳು ಫೋನು ಮಾಡಿದಳು. "ಅಂಕಲ್, ಹೊಸ ಮನೇಲಿ ಜಾಗ ಇಲ್ಲ. ಅಪ್ಪನ ಪುಸ್ತಕ ಒಂದ್ಸಲ ನೋಡ್ಕೊಂಡು ಹೋಗಿ" ಎಂದಳು. ಹೋದೆವು. ಬೀರುವಿನಲ್ಲಿ ಇನ್ನೂರಕ್ಕೂ ಮಿಕ್ಕ ಸಂಚಿಕೆಗಳಿದ್ದವು. ಎಷ್ಟೋ ನಕ್ಷೆಗಳ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿದ್ದ: 'ಇಲ್ಲಿ ಬೆಂಡು ಸಾಲದು, ಬಿದಿರು ಕೊಡಬೇಕು.' 'ಮಳೆಗಾಲದಲ್ಲಿ ಮೈದಾ ಅಂಟು ಹಿಡಿಯದು.' ಕಾರ್ಖಾನೆಯಲ್ಲಿ ನಿಜವಾದ ವಿಮಾನ ಜೋಡಿಸುತ್ತಿದ್ದವನು ಮನೆಗೆ ಬಂದು ಬೆಂಡಿನ ಲೆಕ್ಕ ಹಾಕುತ್ತಿದ್ದ. ನಮಗೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಒಂದು ಕಾಲೇಜಿನ ಲೈಬ್ರರಿಗೆ ಕೊಡಲು ಹೋದೆವು. ಕೇಳುವವರಿಲ್ಲದ ಪತ್ರಿಕೆಗೆ ಕಪಾಟು ಕೊಡಲಾಗದೆಂದರು. ಇನ್ನೊಂದು ಕಡೆ, ಬಿಟ್ಟು ಹೋಗಿ, ನೋಡೋಣ ಎಂದರು. ಆ ದನಿ ಕೇಳಿಯೇ ವಾಪಸು ತಂದೆವು. ಅವರನ್ನು ದೂರುವ ಹಕ್ಕು ನಮಗೂ ಇಲ್ಲ. ಹತ್ತು ಹದಿನೈದು ವರ್ಷಗಳಿಂದ ನಾವೇ ಒಂದು ಸಂಚಿಕೆ ಕೊಂಡಿರಲಿಲ್ಲ. ಸಂಜೆ ಹೊತ್ತು ಫೋನಿನಲ್ಲಿ ಯಾರೋ ಹಾರಿಸುವ ವಿಮಾನ ನೋಡಿ ತೃಪ್ತರಾಗಿದ್ದೆವು. ಪತ್ರಿಕೆಗಳು ನಿಂತವೆಂದು ಮರುಗುವವರಲ್ಲಿ ಬಹಳ ಮಂದಿ ನಮ್ಮಂಥವರೇ ಇರಬೇಕು.

ಕೊನೆಗೆ ಪೆನ್ಸಿಲ್ ಬರಹವಿದ್ದ ಸಂಚಿಕೆಗಳನ್ನೆಲ್ಲ ಆರಿಸಿ ಇಟ್ಟುಕೊಂಡೆವು, ಮೂವತ್ತೊಂದು ಆದವು. ಉಳಿದವನ್ನು ರದ್ದಿಯವನು ತೂಗಿದ. ಹೊಳಪು ಕಾಗದ, ಪೇಪರಿನ ರೇಟು ಬರಲ್ಲ ಸಾರ್ ಎಂದ. ನಮಗೆ ಗೊತ್ತಿತ್ತು. "ಯಾರಾದರೂ ಹುಡುಗರು ಕೇಳಿದರೆ ಕೊಟ್ಟುಬಿಡಪ್ಪ" ಎಂದೆವು. ಅವನು ನಮ್ಮ ಮುಖ ನೋಡಿ, ಈಗ ಹುಡುಗರೆಲ್ಲಿ ಬರ್ತಾರೆ ಸಾರ್ ಎಂದು ಮೂಟೆ ಕಟ್ಟಿದ.

ಅಂದಿನಿಂದ ನಾವಿಬ್ಬರೂ ಆ ಪೆನ್ಸಿಲ್ ಬರಹವನ್ನು ಒಂದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇವೆ. ಕೈಯಿಂದ ಮಾಡುವ ಇಂಥ ವಿದ್ಯೆ ನಮ್ಮ ಬಾಲ್ಯದಲ್ಲಿ ಕನ್ನಡದಲ್ಲಿ ನಮಗೆ ಸಿಗಲಿಲ್ಲ ಎಂದು ಕೊರಗಿದ್ದುಂಟು. ಆದರೆ ತಿಳಿದ ಮೇಲೆ ನಾವಾದರೂ ಬರೆದೆವೇ? ಬರೆಯುತ್ತಿದ್ದವನು ಒಬ್ಬನೇ, ಅದೂ ಯಾರದೋ ನಕ್ಷೆಯ ಅಂಚಿನಲ್ಲಿ.

ಭಾನುವಾರ ಗಲ್ಲಿಯ ನಾಲ್ಕು ಮಕ್ಕಳು ಬರುತ್ತಾರೆ. ಬೆಂಡು ಈಗ ಸುಲಭವಾಗಿ ಸಿಗುವುದಿಲ್ಲ, ಪ್ಯಾಕಿಂಗಿನ ಥರ್ಮೋಕೋಲ್ ಸಿಗುತ್ತದೆ. ಮೊದಲ ದಿನ ವಿಮಾನ ಮೂತಿ ಎತ್ತಿ ಹಿಂದಕ್ಕೆ ಬಿದ್ದಾಗ ಮಕ್ಕಳು ನಮ್ಮ ಮುಖ ನೋಡಿದರು. ನಾವು ತುಸು ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿಕೊಟ್ಟೆವು. ಈ ಪುಟವೂ ಒಂದು ದಿನ ರದ್ದಿಗೆ ಹೋಗುವುದೇ. ಯಾವ ಹುಡುಗನ ಕೈಗೆ ಬೀಳುತ್ತದೋ ತಿಳಿಯದು. ಆದ್ದರಿಂದ ಇಲ್ಲಿಯೂ ಬರೆದಿಡುತ್ತೇವೆ: ಸಾಧಾರಣ ಮಾದರಿ ವಿಮಾನವಾದರೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ಅದರ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ, ಎರಡು ಬೆರಳಿನ ಮೇಲೆ ವಿಮಾನ ಸಮವಾಗಿ ನಿಲ್ಲಬೇಕು. ಬಾಲ ತಗ್ಗಿದರೆ ಮೂತಿಗೆ ಭಾರ ಕೊಡಿ. ನಾಲ್ಕಾಣೆ ಈಗ ಚಲಾವಣೆಯಲ್ಲಿಲ್ಲ. ಒಂದು ರೂಪಾಯಿ ಆದೀತು.