ಸಾಲಿನ ಕೊನೆಯ ಗುರುತು

ಮೊನ್ನೆ ಸ್ಮರಣ ಸಂಚಿಕೆಗೆಂದು ಮಳಖೇಡದ ಕೋಟೆಯ ಮೇಲೊಂದು ಲೇಖನ ಬಂತು. ಪುಟದ ಅಳತೆಯನ್ನು ಎ4ರಿಂದ ಎ5ಕ್ಕೆ ಇಳಿಸಿದ್ದೇ ತಡ, ಸಾಲುಗಳೆಲ್ಲ ಅರ್ಧಕ್ಕೇ ಮುರಿದು ಮಜಕೂರು ಚಿಂದಿಯಾಯಿತು. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದೆ. ಅಡಗಿದ್ದೆಲ್ಲ ಎದ್ದು ಕಂಡಿತು: ಪದಗಳ ನಡುವೆ ಚುಕ್ಕಿ, ಸಾಲು ಸಾಲಿನ ಕೊನೆಗೂ ಪ್ಯಾರಾ ಗುರುತು. ಟೈಪ್ ಮಾಡಿದವರು ಅಂಚು ಬಂದಾಗಲೆಲ್ಲ ಎಂಟರ್ ಒತ್ತಿದ್ದರು.

ಇದಕ್ಕೆ ನನ್ನದೊಂದು ಮದ್ದಿದೆ. ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ಮೊದಲು ನಿಜವಾದ ಪ್ಯಾರಾ ಮುಗಿದಲ್ಲಿನ ಜೋಡಿ ಪ್ಯಾರಾ ಗುರುತುಗಳನ್ನು ಹಿಡಿದು ಅಲ್ಲಿ ## ಹಾಕುತ್ತೇನೆ. ಆಮೇಲೆ ಉಳಿದ ಒಂಟಿ ಗುರುತುಗಳನ್ನೆಲ್ಲ ಬರೀ ಖಾಲಿ ಜಾಗ ಮಾಡುತ್ತೇನೆ. ಕೊನೆಗೆ ## ಇದ್ದಲ್ಲಿ ಪ್ಯಾರಾ ಗುರುತು ಮರಳುತ್ತದೆ. ಈ ಕ್ರಮ ತಪ್ಪಿದರೆ ಇಡೀ ಲೇಖನ ಒಂದೇ ಪ್ಯಾರಾ. ಸರಿಹೋದಾಗ ಸಾಲುಗಳು ಕಣ್ಣೆದುರೇ ಕೂಡಿಕೊಳ್ಳುವುದನ್ನು ನೋಡುವ ಸುಖ ಇಷ್ಟು ವರ್ಷವಾದರೂ ಹಳತಾಗಿಲ್ಲ.

ಶಿಫ್ಟ್-ಎಂಟರಿನ ಬಾಗಿದ ಬಾಣವೇ ಬೇರೆ. ಪ್ಯಾರಾ ಮುರಿಯದೆ ಸಾಲಷ್ಟೇ ಇಳಿಯುತ್ತದೆ. ವಿಳಾಸಕ್ಕೆ, ಪದ್ಯಕ್ಕೆ ಅದೇ ಸರಿ. ಎರಡೂ ಅಂಚು ಸಮ ಮಾಡಿದ ಗದ್ಯದಲ್ಲಿ ಅದನ್ನು ಒತ್ತಿದರೆ ಮೂರೇ ಪದಗಳ ಸಾಲು ಪುಟದಗಲ ಹಿಗ್ಗುತ್ತದೆ. ಆಗ ಅಕ್ಷರದ ತಪ್ಪೆಂದು ಫಾಂಟನ್ನು ಬೈಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗುರುತು ತೋರಿಸಿಕೊಂಡು ಕೆಲಸ ಮಾಡಲು ಇವರಿಗೇನು ಕಷ್ಟ?

ಅಂಚಿಗೆ ಸಾಲು ಮುರಿಯುವುದು ಎಲ್ಲೆಡೆ ತಪ್ಪಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವಿರುವ ಬಂಡೆ ಸಿಕ್ಕಿದೆ. ಕಲ್ಲಿನ ಅಂಚು ಬಂದಲ್ಲಿ ಸಾಲು ಇಳಿಸುವುದು ಶಾಸನ ಕೆತ್ತುವವರ ರೂಢಿ. ಅವರಿಗೆ ಅದು ಸಲ್ಲುತ್ತದೆ, ಕೆತ್ತಿದ ಮೇಲೆ ಕಲ್ಲಿನ ಅಗಲ ಬದಲಾಗುವುದಿಲ್ಲ. ಪುಟದ ಅಗಲ ನಾಳೆಯೇ ಬದಲಾಗುತ್ತದೆ.

ನಮ್ಮ ಊರುಗಳ ಹೆಸರಲ್ಲೂ ಕಾಣದ ಗುರುತಿದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ತೊಂದರೆ ಕೊಡವು. ಶಹಾಬಾದ್ ಹಾಗಲ್ಲ. ಅದಕ್ಕೆ ‘ನಲ್ಲಿ’ ಸೇರಿಸಿದರೆ ‘ದ’ಕಾರದಡಿಗೆ ‘ನ’ ಒತ್ತಾಗಿ ‘ಶಹಾಬಾದ್ನಲ್ಲಿ’ ಆಗುತ್ತದೆ. ನಡುವೆ ಅಗಲವೇ ಇಲ್ಲದ ಒಂದು ಗುರುತು ಬಿದ್ದರೆ ಮಾತ್ರ ‘ಶಹಾಬಾದ್‌ನಲ್ಲಿ’. ವರ್ಡ್‌ನಲ್ಲಿ 200ಸಿ ಎಂದು ಟೈಪಿಸಿ ಆಲ್ಟ್-ಎಕ್ಸ್ ಒತ್ತಿದರೆ ಅದು ಬರುತ್ತದೆ; ಸಂಖ್ಯೆಯನ್ನು ಇಂಗ್ಲಿಷಿನಲ್ಲೇ ಒತ್ತಬೇಕು. ಒಂದೇ ಪುಸ್ತಕದಲ್ಲಿ ಕೆಲವೆಡೆ ಇದನ್ನು ಹಾಕಿ ಕೆಲವೆಡೆ ಬಿಟ್ಟರೆ ಊರಿನ ಹೆಸರು ಎರಡು ಬಗೆಯಲ್ಲಿ ಅಚ್ಚಾಗುತ್ತದೆ. ನಾನಂತೂ ‘ಶಹಾಬಾದಿನಲ್ಲಿ’ ಎಂದೇ ಬರೆಯುತ್ತೇನೆ. ಕನ್ನಡದ ‘ಇ’ಕಾರ ಆ ಕೆಲಸವನ್ನು ಮೊದಲಿಂದಲೂ ಮಾಡಿಕೊಂಡು ಬಂದಿದೆ.

ಫೈಲ್ ಕಳಿಸುವವರಲ್ಲಿ ಒಂದೇ ಕೋರಿಕೆ: ಕಳಿಸುವ ಮುಂಚೆ ಕಂಟ್ರೋಲ್, ಶಿಫ್ಟ್, 8 ಎಂಬ ಆ ಮೂರು ಕೀಲಿಗಳನ್ನು ಒಮ್ಮೆ ಒತ್ತಿ ನೋಡಿ.